ಇನ್ನೊಂದು ಬಾಲ್ ಬಾಕಿ

"ಇದು ಕ್ರಿಕೆಟ್ಟಾ? ನೀವೇ ಹೇಳಿ!"

ಗೋದಾ ವಿಡಿಯೋ ಗೇಮ್ ಕ್ಯಾಸೆಟ್ಟನ್ನು ಕೌಂಟರ್ ಮೇಲೆ ಕುಕ್ಕಿದಳು.

ಗವಿಪುರಂನ ಆ ಪುಟ್ಟ ಅಂಗಡಿಯಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಶ್ಯಪ್ ತಲೆ ಎತ್ತಿದ. ಕ್ಯಾಸೆಟ್ ಮೇಲೆ ಅವನದೇ ಕೈಬರಹ: 'ಕ್ರಿಕೆಟ್'.

"ಬೇಸ್‌ಬಾಲ್ ರೀ. ಹಾಗಂತ ಬರೆದ್ರೆ ಯಾರೂ ತಗೊಳ್ಳಲ್ಲ."

"ಅದಕ್ಕೆ ಸುಳ್ಳು ಬರೀತೀರಾ?"

"ಬ್ಯಾಟಿದೆ, ಬಾಲಿದೆ... ಅರ್ಧ ನಿಜ ಅಲ್ವಾ?"

ನಗಬಾರದು ಅಂದುಕೊಂಡಿದ್ದಳು. ನಕ್ಕುಬಿಟ್ಟಳು!

ಅಜ್ಜಿ ಅಂಬುಜಮ್ಮನ ಕಥೆಗಳಲ್ಲಿ ರಾಜಕುಮಾರ ಏಳು ಕಡಲು ದಾಟಿ ಬರುತ್ತಿದ್ದ. ಇವನೋ, ಸ್ಟೂಲ್ ಎಳೆದುಕೊಟ್ಟು, "ಕೂತ್ಕೊಳಿ, ತೋರಿಸ್ತೀನಿ" ಅಂದ.

1997ರ ಆ ಬೇಸಿಗೆಯ ಶನಿವಾರಗಳೆಲ್ಲ ಆ ಸ್ಟೂಲಿನ ಮೇಲೆಯೇ ಕಳೆದವು. ಅವನು ನೇರವಾಗಿ ಬಾಲ್ ಎಸೆಯುತ್ತಿದ್ದ. ಅವಳು ಒಂದನ್ನೂ ಬಿಡದೆ ಬಾರಿಸುತ್ತಿದ್ದಳು. ಉಳಿದ ನಿಯಮಗಳ ಗೊಡವೆ ಅವಳಿಗೆ ಬೇಕಿರಲಿಲ್ಲ. ಮನೆಯಲ್ಲಿ ಆಡಲೆಂದು ಅವನು ಅದೇ ಆಟದ ಇನ್ನೊಂದು ಕ್ಯಾಸೆಟ್ಟನ್ನೂ ಕೊಟ್ಟಿದ್ದ.

ಜೂನ್‌ನಲ್ಲಿ ಒಂದು ದಿನ ಅವಳು ರಿಮೋಟ್ ಹಿಡಿದು, ಪರದೆ ನೋಡುತ್ತಲೇ ಹೇಳಿದಳು:

"ಮುಂದಿನ ವಾರ ನನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಿದಾರೆ. ಇವತ್ತು ನಾನು ಗೆದ್ರೆ... ಅವರಿಗಿಂತ ಮೊದ್ಲು ನೀವು ಬಂದು ನಮ್ಮಜ್ಜಿ ಹತ್ರ ಮಾತಾಡ್ತೀರಾ?"

ಕಶ್ಯಪ್ ಕಿವಿ ಕೆಂಪಾಯಿತು. "ಹ್ಞೂಂ" ಅಂದ, ಅಷ್ಟೇ.

ಕೊನೆಯ ಸರದಿ. ಇಬ್ಬರದೂ ಸಮ. ಮೈದಾನದ ಮೂರೂ ಮೂಲೆಯಲ್ಲಿ ಅವಳ ಆಟಗಾರರು ಓಡಲು ಕಾದಿದ್ದರು. ಒಂದೇ ಒಂದು ರನ್ ಸಾಕಿತ್ತು!

ಅವನು ಎಸೆದ ಬಾಲ್ ಬ್ಯಾಟಿಗೆ ಎಟುಕದಷ್ಟು ದೂರ ಹೋಯಿತು. ಮತ್ತೊಂದು... ಅದೂ ದೂರ. ಮೂರನೆಯದೂ!

'ಹೊಡೆಯೋಕೇ ಬಿಡ್ತಿಲ್ಲ. ನಾನು ಗೆಲ್ಲೋದು ಇವರಿಗೆ ಬೇಡ...'

"ಎಲ್ಲಾ ವೈಡ್! ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ?"

"ಅಯ್ಯೋ, ಇನ್ನೊಂದು ಬಾಲ್ ಬಾಕಿ ಇದೆ ರೀ... ಕೂತ್ಕೊಳಿ!"

"ಅದನ್ನೂ ವೈಡೇ ಹಾಕ್ಕೊಳಿ!"

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

"ಯಾಕೆ ಮುಖ ಊದ್ಕೊಂಡಿದೆ?" ಮನೆಯಲ್ಲಿ ಅಜ್ಜಿ ಕೇಳಿದರು. "ಬಾ, ಆ ಆಟ ಹಾಕು. ನಾನೂ ಒಂದು ಕೈ ನೋಡ್ತೀನಿ."

ಬಾಲ್ ಎಸೆಯುವ ಸರದಿ ಅಜ್ಜಿಯದು, ಸಿಕ್ಕ ಗುಂಡಿ ಒತ್ತಿದರು. ಎಲ್ಲವೂ ವೈಡ್. ಗೋದಾಗೆ ಹೊಡೆಯಲು ಮನಸ್ಸೇ ಇರಲಿಲ್ಲ, ಬ್ಯಾಟ್ ಬೀಸಲೇ ಇಲ್ಲ. ನಾಲ್ಕನೆಯ ವೈಡ್ ಆದೊಡನೆ ಅವಳ ಆಟಗಾರ ಬ್ಯಾಟ್ ಬಿಟ್ಟು ಮೊದಲ ಮೂಲೆಗೆ ನಡೆದ. ಮುಂದಿನವನೂ ಹಾಗೇ. ಹೀಗೆ ಮೂರೂ ಮೂಲೆ ತುಂಬಿದವು. ಮತ್ತೆ ನಾಲ್ಕು ವೈಡ್ ಬಿದ್ದಾಗ ಎಲ್ಲರೂ ಒಂದೊಂದು ಮೂಲೆ ಮುಂದೆ ಸರಿದರು, ಮೂರನೆಯ ಮೂಲೆಯವನು ಸುತ್ತು ಮುಗಿಸಿದ, ಗೋದಾಗೆ ಒಂದು ರನ್!

"ಕೈ ಕಟ್ಕೊಂಡು ಕೂತೋಳಿಗೆ ರನ್ನಾ? ನಾನೇ ಗೆಲ್ಲಿಸ್ತಿದೀನಿ ಕಣೇ ನಿನ್ನ!"

ಗೋದಾ ಎದ್ದು ನಿಂತಳು.

'ಗೆಲ್ಲಿಸ್ತಿದ್ರು...!'

"ಅಜ್ಜಿ, ಬಾಯಿಗೆ ಬಂದ ಹಾಗೆ ಬೈದು ಬಂದ್ನಲ್ಲೇ!"

"ಯಾರಿಗೇ?"

"ಕರ್ಕೊಂಡು ಬಂದು ತೋರಿಸ್ತೀನಿ!"

ಅಂಗಡಿಯಲ್ಲಿ ಮುರುಗೇಶ್ ಎಂಬ ಗಿರಾಕಿ ಗೊಣಗುತ್ತಿದ್ದ. "ಏನ್ ಗುರು, ಆಗಿಂದ ಟಿವಿ ಖಾಲಿ ಮಾಡ್ತಿಲ್ಲ?"

"ಇಲ್ಲ ಮಗಾ. ಇನ್ನೊಂದು ಬಾಲ್ ಬಾಕಿ ಇದೆ."

ಆಟ ನಿಂತಲ್ಲೇ ನಿಂತಿತ್ತು. ಗೋದಾ ಸದ್ದಿಲ್ಲದೆ ಬಂದು ಸ್ಟೂಲಿನ ಮೇಲೆ ಕೂತಳು.

"ನೇರವಾಗಿ ಹಾಕಿದ್ರೆ ನಾನೇ ಹೊಡೀತಿದ್ನಲ್ಲ?"

"ಕ್ಯಾಚ್ ಕೊಟ್ಟು ಔಟಾಗಿದ್ರೆ?" ಅವನ ದನಿ ತಗ್ಗಿತು. "ನಂಗೆ ಅಷ್ಟು ಧೈರ್ಯ ಇರ್ಲಿಲ್ಲ."

ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. "ಹಾಕಿ."

ವೈಡ್. ಟಿವಿಯಲ್ಲಿ ಗೆಲುವಿನ ವಾದ್ಯ ಮೊಳಗಿತು.

"ಅಜ್ಜಿ ಹತ್ರ ಏನಂತ ಹೇಳ್ಲಿ?"

"ನಿಜ ಹೇಳಿ. ಈ ಸಲ ಅರ್ಧ ಅಲ್ಲ, ಪೂರ್ತಿ."

"ಪೂರ್ತಿ ಅಂದ್ರೆ... ವಾರವೆಲ್ಲ ಶನಿವಾರಕ್ಕೇ ಕಾಯ್ತಿದ್ದೆ, ಗೋದಾ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅದನ್ನೇ ಹೇಳಿ. 'ರೀ' ಬಿಟ್ಟು ಹೆಸರು ಹಿಡಿದಿದ್ದನ್ನ ಮಾತ್ರ ಹೇಳ್ಬೇಡಿ!"