ಹಸಿದ ತೊಟ್ಟಿ

ಪ್ರವಾಸದ ಮನೆಗಾಡಿಯ ಅಡಿಯಲ್ಲಿ ಕೂರಿಸಿದ ಹೊಸ ತೊಟ್ಟಿ ಮಲಗಿದ ಎಮ್ಮೆಯ ಹೊಟ್ಟೆಯಂತೆ ಉಬ್ಬಿ ತಗ್ಗುತ್ತಿತ್ತು. ಅದು ಜೀರ್ಣತೊಟ್ಟಿ. ಗಾಡಿಯ ಶೌಚಾಲಯದಿಂದ ಬಿದ್ದದ್ದನ್ನೆಲ್ಲ ಅದರ ಒಳಗೋಡೆಯಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳು ಅರ್ಧ ದಿನದಲ್ಲಿ ಕರಗಿಸಿ ತಿಳಿನೀರು ಮಾಡಬಲ್ಲವು. ಹಳೆಯ ಪ್ಲಾಸ್ಟಿಕ್ ತೊಟ್ಟಿ ಬಿರುಕುಬಿಟ್ಟು ಸೋರತೊಡಗಿದ್ದರಿಂದ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ನಿವೃತ್ತ ಬಸ್ ಚಾಲಕ ಫಕೀರಪ್ಪ ಇದನ್ನು ತರಿಸಿದ್ದ. ಜೋಡಿಸಲು, ತೊಟ್ಟಿಯನ್ನು ರೂಪಿಸಿದ ವಿಜ್ಞಾನಿ ಶಾಲ್ಮಲಾ ತಾನೇ ಬಂದಿದ್ದಳು.

ಕೊಳವೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಗಾಡಿಯಡಿ ಮಲಗಿದ ಫಕೀರಪ್ಪ ತೊಟ್ಟಿಯ ಬಾಯಿಗೆ ಬಲಗೈ ಹಾಕಿದ. ಬಾಯಿ ಮುಚ್ಚಿಕೊಂಡಿತು.

"ಮೇಡಮ್ಮಾರ, ಇದು ಕೈ ಬಿಡವಲ್ದು," ಎಂದ. ದನಿ ಸಣ್ಣಗಾಗಿತ್ತು. "ಉರಿಯಾಕತ್ತೈತಿ."

ಶಾಲ್ಮಲಾ ಬಗ್ಗಿ ನೋಡಿ ಬಿಳಿಚಿಕೊಂಡಳು. "ಒಳಗಿನ ಲೋಳಿ ಎಲ್ಲಿ ಹೋತ್ರೀ?"

"ನೀವು ಚಾ ಕುಡ್ಯಾಕ ಹೋದಾಗ ತೊಳದ್ನಿರಿ, ಮೂರ್ ನೀರಿನಾಗ. ಹೊಸಾ ಭಾಂಡೆ ಮನಿಗೆ ಬಂದ್ರ ತೊಳೀದ ಇಡ್ತಾರೇನ್ರಿ?"

"ಕಾಕಾ, ಅದು ಹೊಲಸಲ್ಲ. ದಾರಿಗಂತ ಅದಕ್ಕ ಕಟ್ಟಿ ಕಳಿಸಿದ್ದ ಬುತ್ತಿ. ಈಗ ಹಸದೈತಿ. ಸಿಕ್ಕಿದ್ದನ್ನ ತಿಂತೈತಿ."

"ಕೊಯ್ದು ಬಿಡ್ರಲ್ಲ ಅದನ್ನ."

"ಕೊಯ್ದ್ರ ಒಳಗಿನ ರಸ ಪೂರಾ ನಿಮ್ಮ ಕೈಮ್ಯಾಲೆ ಸುರೀತೈತಿ. ಕಾಲು ತಾಸಿಗೆ ತೊಗಲು ಕರಗತೈತಿ. ಆಮ್ಯಾಲೆ..."

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಫಕೀರಪ್ಪನ ಹೆಂಡತಿ ಈರವ್ವ ಒಳಗೆ ಹೋಗಿ ಜೋಳದ ಅಂಬಲಿಯ ಪಾತ್ರೆ ತಂದಳು. ತೆವಳಿಕೊಂಡು ಗಾಡಿಯಡಿ ಸೇರಿದಳು. ಪಾತ್ರೆ ವಾಲಿ ಅರ್ಧ ಅಂಬಲಿ ಮಣ್ಣುಪಾಲಾಯಿತು. ಉಳಿದದ್ದನ್ನು ತೊಟ್ಟಿಯ ತುಟಿಯಂಚಿಗೆ ಸುರಿಯುತ್ತ, ಎಮ್ಮೆಯ ಕರುವಿಗೆ ಹೇಳುವಂತೆ, "ಇದನ್ನ ಉಣ್ಣವ್ವಾ, ಅವರನ್ನ ಬಿಡು," ಎಂದಳು.

ತೊಟ್ಟಿ ಉಸಿರು ನಿಲ್ಲಿಸಿತು. ಮೂವರೂ ನಿಲ್ಲಿಸಿದರು. ಆಮೇಲೆ ತುಟಿ ಅಂಬಲಿಯ ಕಡೆ ಮೆಲ್ಲಗೆ ಹೊರಳಿತು. ಫಕೀರಪ್ಪ ಕೈ ಕಿತ್ತುಕೊಂಡ.

ಬೆರಳು ಐದೂ ಉಳಿದಿದ್ದವು. ಮೇಲಿನ ಪದರ ಮಾತ್ರ ಹೋಗಿ ನುಣುಪಾಗಿದ್ದವು. ಶಾಲ್ಮಲಾ ಹಚ್ಚಿದ ಮುಲಾಮು ಒಣಗಿದ ಮೇಲೆ ಅವನು ಒಳಹೋಗಲು ಗಾಡಿಯ ಬೆರಳಚ್ಚಿನ ಬಾಗಿಲಿಗೆ ಹೆಬ್ಬೆರಳು ಒತ್ತಿದ. "ತಾವು ಯಾರು?" ಎಂದು ಬಾಗಿಲು ಕೇಳಿತು. ಮತ್ತೆ ಒತ್ತಿದ. ಮತ್ತೆ ಅದೇ ಪ್ರಶ್ನೆ. ಬೆರಳಿನ ಗೆರೆಗಳೆಲ್ಲ ಕರಗಿಹೋಗಿದ್ದವು.

ಈರವ್ವ ತನ್ನ ಬೆರಳಿಟ್ಟು ತೆರೆದಳು. "ಇನ್ನ ನನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ ನೀವು," ಎಂದು ನಗಲು ನೋಡಿದಳು.

ಅವನು ಮೆಟ್ಟಿಲ ಮೇಲೆ ಕಾಲಿಟ್ಟ. ಅಡಿಯಲ್ಲಿ ತೊಟ್ಟಿ ಉಬ್ಬಿತು. ಇಳಿದ; ತಗ್ಗಿತು. ಈರವ್ವ ಹತ್ತಿದಾಗ ಸುಮ್ಮನಿತ್ತು.

"ಗಾಡಿಗೆ ಕೂಡಿಸಿದ ಮ್ಯಾಲೆ ತಿಂದ ಮೊದಲನೇ ತುತ್ತಿನ ರುಚಿ ಅದು ಮರಿಯಂಗಿಲ್ಲ, ಕಾಕಾ," ಎಂದಳು ಶಾಲ್ಮಲಾ, ಅವನ ಮುಖ ನೋಡದೆ. "ನಾವ ಹಂಗ ಮಾಡೇವಿ."