ಉಟ್ಟ ಸೀರೆಗೆ ತೂಕವಿಲ್ಲ

"ಆ ಮಚ್ಚು ಕೆಳಗಿಡಿ!"

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಕಟ್ಟೆಯ ಹಿಂದಿನಿಂದ ಆ ದನಿ ಬಂದದ್ದೇ ತಡ, ಸಾಲಿನಲ್ಲಿದ್ದ ಸೂಟುಬೂಟಿನವರೆಲ್ಲ ದಡಬಡ ಹಿಂದೆ ಸರಿದರು. ಮಚ್ಚು ಹಿಡಿದವಳು ಮಾತ್ರ ಕದಲಲಿಲ್ಲ.

ಅವಳು ಕದಿರಮ್ಮ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯವಳು, ಇಪ್ಪತ್ತೆರಡರ ಹುಡುಗಿ. ರೇಷ್ಮೆ ಗೂಡಿನಿಂದ ನೂಲು ತೆಗೆಯುವುದರಲ್ಲಿ ಅವಳ ಬೆರಳಿಗೆ ಸಾಟಿಯಿಲ್ಲ ಎಂದು ದೆಹಲಿಯ ವಸ್ತುಪ್ರದರ್ಶನಕ್ಕೆ ಸರ್ಕಾರದವರೇ ಟಿಕೆಟ್ ಕೊಟ್ಟು ಕರೆಸಿದ್ದರು. 1961ನೇ ಇಸವಿ. ಅವಳ ಊರಿನಲ್ಲಿ ವಿಮಾನವನ್ನು ಕತ್ತೆತ್ತಿ ನೋಡಿದವರಿದ್ದರೇ ಹೊರತು ಹತ್ತಿದವರಿರಲಿಲ್ಲ.

ದೆಹಲಿಯ ನೂಲು ತೆಗೆಯುವ ಸ್ಪರ್ಧೆಯಲ್ಲಿ ಗೆದ್ದರೆ ರೇಷ್ಮೆ ಇಲಾಖೆಯಲ್ಲೇ ಕೆಲಸ. ಕೆಲಸ ಸಿಕ್ಕರೆ ಸೋದರಮಾವ ಮುದ್ದಪ್ಪನ ಕೈಯಲ್ಲಿ ತಾಳಿ ಕಟ್ಟಿಸಿಕೊಳ್ಳುವುದು ತಪ್ಪುತ್ತದೆ. ಮೊದಲ ಹೆಂಡತಿಯನ್ನು ಹೊಡೆದೂ ಹೊಡೆದೂ ತವರಿಗೆ ಓಡಿಸಿದ ಮಹಾನುಭಾವ ಅವನು!

"ಕೈಯಲ್ಲಿ ಮಚ್ಚು ಹಿಡ್ಕೊಂಡು ವಿಮಾನ ಹತ್ತೋ ಹಾಗಿಲ್ಲಮ್ಮ," ಎಂದ ಕಟ್ಟೆಯ ಹಿಂದಿನ ಯುವಕ. ಹಿತ್ತಾಳೆ ಗುಂಡಿಯ ಕೋಟು, ನೆಟ್ಟಗೆ ಕೂತ ಟೋಪಿ. ಎದೆಯ ಮೇಲೆ ಹೆಸರು, ಚಲಪತಿ.

"ಪೆಟ್ಟಿಗೇಲಿ ಇಟ್ಕೊಂತೀನಿ ಬಿಡಿ."

"ಪೆಟ್ಟಿಗೇಲಿ ಇಡಬಹುದು. ಆದ್ರೆ ಪೆಟ್ಟಿಗೆ ಆಗ್ಲೇ ಇಪ್ಪತ್ತೆರಡು ಕಿಲೋ ಇದೆ. ಇಪ್ಪತ್ತರ ಮೇಲೆ ಬಿಡಲ್ಲ."

"ಈಗ ಹೋದ್ರಲ್ಲ ಆ ದಪ್ಪನೆ ಸೇಟು, ಅವ್ರು ಎಷ್ಟು ತೂಗಿದ್ರು?"

ಚಲಪತಿ ಪುಸ್ತಕ ನೋಡಿದ. ಆಗೆಲ್ಲ ಸಾಮಾನಿನ ಜೊತೆಗೆ ಮನುಷ್ಯರನ್ನೂ ತೂಗಿ ಬರೆದುಕೊಳ್ಳುತ್ತಿದ್ದರು. "ನೂರಾ ಎಂಟು."

"ನಾನು?"

"ಮೂವತ್ತೊಂಬತ್ತು."

"ಅವ್ರ ಹೊಟ್ಟೇನೇ ನನ್ನಷ್ಟಿದೆ! ಅವ್ರನ್ನ ಹೊತ್ಕೊಂಡು ಹಾರೋ ವಿಮಾನ ನನ್ನ ಎರಡು ಕಿಲೋಗೆ ಬಿದ್ದೋಗತ್ತಾ?"

ಚಲಪತಿ ಪುಸ್ತಕ ಮುಚ್ಚಿದ. ಅವಳ ಪಕ್ಕದಲ್ಲಿದ್ದ ರೇಷ್ಮೆ ಗೂಡಿನ ಬುಟ್ಟಿಯ ಕಡೆ ತಿರುಗಿದ. "ಇದರೊಳಗೆ ಹುಳ ಜೀವಂತ ಇದೆಯಾ? ಇದ್ರೆ ಪ್ರಾಣಿಗಳ ಫಾರಂ ತುಂಬಬೇಕು."

"ಆವಿಯಲ್ಲಿ ಸಾಯ್ಸಿದೀವಿ."

"ಸತ್ತಿದೆ ಅನ್ನೋದಕ್ಕೆ ಸರ್ಟಿಫಿಕೇಟು..."

ಕದಿರಮ್ಮನಿಗೆ ರೇಗಿಹೋಯಿತು. ಒಂದು ಗೂಡು ತೆಗೆದು ಅವನ ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿದಳು. "ಕೇಳ್ಕೊಳ್ಳಿ ಸ್ವಾಮಿ, ಉಸಿರಾಡ್ತಿದೆಯಾ?"

ಚಲಪತಿಯ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ನಾನೂ ಕೆಂಚಾರ್ಲಹಳ್ಳಿಯೋನೇ ಕಣಮ್ಮ. ನಮ್ಮನೇಲೂ ಹುಳ ಸಾಕ್ತಾರೆ. ರೂಲು ನಾನು ಬರೆದಿದ್ದಲ್ಲ."

"ನಮ್ಮ ಕಡೆಯೋರೇ ಆಗಿ ಹಿಂಗ್ ಮಾಡ್ತೀರಲ್ಲ!"

"ನೀವು ನನಗೆ ಸಂಬಂಧ ಆಗಿದ್ರೆ ನಿಮ್ಮ ಸಾಮಾನು ಮುಟ್ಟೋ ಹಾಗೂ ಇರ್ಲಿಲ್ಲ. ಅದಕ್ಕೂ ಒಂದು ರೂಲಿದೆ." ಆಚೀಚೆ ನೋಡಿ ದನಿ ತಗ್ಗಿಸಿದ. "ಪೆಟ್ಟಿಗೆಯಿಂದ ಎರಡು ಸೀರೆ ತೆಗೆದು, ಉಟ್ಟಿರೋದ್ರ ಮೇಲೇ ಸುತ್ಕೊಳ್ಳಿ. ಉಟ್ಟ ಸೀರೆಗೆ ತೂಕವಿಲ್ಲ."

'ಅದೇ ಸೀರೆ, ಅದೇ ವಿಮಾನ! ಪೆಟ್ಟಿಗೆಯಲ್ಲಿದ್ದರೆ ಭಾರ, ಮೈಮೇಲಿದ್ದರೆ ಹಗುರವಂತೆ... ಇವರಿಗೆಲ್ಲ ತಲೆ ನೆಟ್ಟಗಿದೆಯಾ?' ಎಂದುಕೊಳ್ಳುತ್ತಲೇ ಕದಿರಮ್ಮ ಕಂಬದ ಮರೆಗೆ ಹೋಗಿ ಎರಡು ಕೈಮಗ್ಗದ ಸೀರೆ ಸುತ್ತಿಕೊಂಡು ಬಂದಳು. ಪೆಟ್ಟಿಗೆ ಸರಿಯಾಗಿ ಇಪ್ಪತ್ತಕ್ಕೆ ನಿಂತಿತು. ಮಚ್ಚು ಮಾತ್ರ ಹೊರಗೇ ಉಳಿಯಿತು.

"ಇಲ್ಲೇ ಬಿಟ್ಟು ಹೋಗಿ. ರಸೀದಿ ಕೊಡ್ತೀನಿ. ವಾಪಸ್ ಬಂದಾಗ ನಿಮ್ಮ ಕೈಗೇ ಕೊಡ್ತೀವಿ. ನೀವೇ ಸಹಿ ಹಾಕ್ಬೇಕು, ಬೇರೆ ಯಾರಿಗೂ ಕೊಡಲ್ಲ."

"ಅದು ಸೊಪ್ಪು ಕತ್ತರ್ಸಕ್ಕೆ ತಂದಿದ್ದಲ್ಲ ಸ್ವಾಮಿ..." ಅವಳು ಮಚ್ಚಿನ ಹಿಡಿ ಬಿಡಲಿಲ್ಲ. ಬೆಳಗಿನ ಜಾವ ಹಿತ್ತಲ ಬಾಗಿಲಿನಿಂದ ಕಳಿಸುವಾಗ ಅವ್ವ ಮಂಗಮ್ಮ ಅದನ್ನು ಕೈಗಿಟ್ಟಿದ್ದಳು. 'ನಿಮ್ಮ ಮಾವ ಎದ್ರೆ ಸುಮ್ನಿರಲ್ಲ ಕಣೇ...'

ಚಲಪತಿಗೆ ಅರ್ಥವಾಗಲಿಲ್ಲ. ಬೇರೆ ದಾರಿಯಿಲ್ಲದೆ ಅವಳು ಮಚ್ಚನ್ನು ಕೊಟ್ಟಳು.

ಐದು ನಿಮಿಷವೂ ಆಗಿರಲಿಲ್ಲ.

"ಏಮೇ! ಆಕಾಶಕ್ಕೆ ಹಾರ್ತೀಯಾ?"

ಹಿಂದಿನಿಂದ ಜಡೆಗೆ ಬಿದ್ದ ಕೈ ಅವಳನ್ನು ನೆಲಕ್ಕೆ ಕೆಡವಿತು. ಮುದ್ದಪ್ಪ! ಜೊತೆಯಲ್ಲಿ ಇನ್ನಿಬ್ಬರು, ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಮುದ್ದಪ್ಪ ಅವಳ ಕೆನ್ನೆಗೆ ಬಾರಿಸಿದ, ಹೊಟ್ಟೆಗೆ ಒದ್ದ. ಬಾಯಿ ತುಂಬ ರಕ್ತ ಬಂತು.

"ನಾನು ಕಟ್ಕೊಳ್ಳೋ ಹುಡ್ಗಿ! ನಮ್ಮ ಮನೆ ವಿಷ್ಯ, ಯಾರೂ ಬಾಯಿ ಹಾಕ್ಬೇಡಿ!"

ಅಷ್ಟು ಸಾಕಾಯಿತು. ಮಚ್ಚು ಕಂಡು ಹೆದರಿ ಸರಿದಿದ್ದವರೆಲ್ಲ ಈಗ ಮನೆ ವಿಷಯವೆಂದು ಸರಿದರು. ಛೀ, ಇಂಥ ಮರ್ಯಾದಸ್ಥರು!

ಕದಿರಮ್ಮ ಅವನ ಕೈಯನ್ನು ಕಚ್ಚಿದಳು. ಅವನು ಬೊಬ್ಬಿಟ್ಟು, ಸೊಂಟದಿಂದ ಚೂರಿ ಎಳೆದು ಅವಳ ಪಕ್ಕೆಗೆ ಬೀಸಿದ. ಬಟ್ಟೆ ಪರ್ರನೆ ಹರಿದ ಸದ್ದಾಯಿತು.

"ಮಚ್ಚು! ನನ್ನ ಮಚ್ಚು ಕೊಡಿ!" ಎಂದು ಕಿರುಚಿ ಕಟ್ಟೆಯ ಕಡೆ ನೋಡಿದಳು.

ಕಟ್ಟೆಯ ಹಿಂದೆ ಯಾರೂ ಇರಲಿಲ್ಲ!

'ಅಡಗಿಕೊಂಡಿದ್ದಾನೆ... ನನ್ನ ಕೈ ಬರಿದು ಮಾಡಿ ಅವನು ಅಡಗಿಕೊಂಡಿದ್ದಾನೆ!' ಕಣ್ಣು ಕತ್ತಲೆಯಾಗುವ ಮುಂಚೆ ಅವಳಿಗೆ ಅನಿಸಿದ್ದು ಅಷ್ಟೇ. ಅವಳನ್ನು ಕರೆದೊಯ್ಯಬೇಕಿದ್ದ ಇಲಾಖೆಯ ಅಧಿಕಾರಿ ಮುಂಚೆಯೇ ಹತ್ತಿ ಕೂತಿದ್ದ ವಿಮಾನ ಅವಳನ್ನು ಬಿಟ್ಟು ಹಾರಿತು. ಅವಳು ಲಾರಿಯಲ್ಲಿ ಮೂಟೆಯ ಹಾಗೆ ಜಂಗಮಕೋಟೆಗೆ ವಾಪಸಾದಳು.

ಹುಳದ ಮನೆಯಲ್ಲಿ ಅವಳನ್ನು ಕೂಡಿ ಹಾಕಿದರು. ಎಚ್ಚರವಾದಾಗ ಪಕ್ಕೆ ಮುಟ್ಟಿ ನೋಡಿಕೊಂಡಳು. ಮೇಲಿನ ಸೀರೆ ಹರಿದಿತ್ತು. ಅದರ ಕೆಳಗಿನದೂ ಹರಿದಿತ್ತು. ಮೂರನೆಯದಕ್ಕೆ ಒಂದು ಎಳೆಯೂ ಹೋಗಿರಲಿಲ್ಲ.

'ಉಟ್ಟ ಸೀರೆಗೆ ತೂಕವಿಲ್ಲ...'

ಚಲಪತಿಯನ್ನು ಶಪಿಸಲು ಹೋದರೆ ಆ ಮಾತು ನೆನಪಾಗುತ್ತಿತ್ತು. ನೆನೆಯಲು ಹೋದರೆ ಬರಿದಾದ ಕಟ್ಟೆ ಕಣ್ಣಿಗೆ ಬರುತ್ತಿತ್ತು. ಯಾವುದೂ ಪೂರ್ತಿಯಾಗದೆ ಅವಳು ಅಳುತ್ತಿದ್ದಳು.

ಮೂರನೆಯ ದಿನ ಮುದ್ದಪ್ಪ ಬಂದ. ಅಡ್ಡ ಬಂದ ತನ್ನ ಅಕ್ಕ ಮಂಗಮ್ಮನನ್ನು ಗೋಡೆಗೆ ತಳ್ಳಿದ. ಕದಿರಮ್ಮನ ಎಡಗೈಯನ್ನು ನೆಲಕ್ಕೆ ಒತ್ತಿ ಹಿಡಿದ.

"ನೂಲು ತೆಗಿಯೋ ಬೆರಳು ಇವೇ ಅಲ್ವಾ?"

ಮೆಟ್ಟಿನ ಕಾಲನ್ನು ಎತ್ತಿ ತುಳಿದ. ಎರಡು ಬೆರಳು ಮುರಿದವು. ಅವಳ ಕೂಗು ಬೀದಿಯ ಕೊನೆಗೂ ಕೇಳಿಸಿತು. ಬೀದಿಯವರು ಬಾಗಿಲು ಹಾಕಿಕೊಂಡರು.

"ಶುಕ್ರವಾರ ಮದುವೆ," ಎಂದು ಹೇಳಿ ಅವನು ಹೋದ.

ಗುರುವಾರ ಮಧ್ಯಾಹ್ನ ಚಪ್ಪರಕ್ಕೆ ಕಂಬ ನೆಡುತ್ತಿದ್ದಾಗ, ಶಿಡ್ಲಘಟ್ಟದಲ್ಲಿ ರೈಲಿಳಿದ ಒಬ್ಬ ಹಿತ್ತಾಳೆ ಗುಂಡಿಯ ಕೋಟಿನವನು ಜಂಗಮಕೋಟೆಗೆ ಬಂದ. ತಲೆಯ ಮೇಲೆ ಟೋಪಿ, ಕಂಕುಳಲ್ಲಿ ದಪ್ಪ ರಿಜಿಸ್ಟರು, ಕೈಯಲ್ಲಿ ಸೀಲು ಹಾಕಿದ ಉದ್ದನೆಯ ಪೊಟ್ಟಣ.

"ಪ್ರಯಾಣಿಕರಾದ ಕದಿರಮ್ಮನವರ ಒಂದು ಸಾಮಾನು ನಮ್ಮಲ್ಲಿ ಉಳಿದಿದೆ," ಎಂದ ಚಲಪತಿ ಎಲ್ಲರಿಗೂ ಕೇಳುವಂತೆ. "ಅವರ ಕೈಗೇ ಕೊಡಬೇಕು. ಅವರೇ ಸಹಿ ಹಾಕಬೇಕು."

"ಕೊಡಯ್ಯ ಇಲ್ಲಿ, ನಾನೇ ಗಂಡ ಆಗೋನು," ಎಂದು ಮುದ್ದಪ್ಪ ಕೈಚಾಚಿದ.

"ಆಗಲ್ಲ. ರೂಲು. ಬೇರೆಯವರ ಕೈಗೆ ಕೊಟ್ರೆ ನನ್ನ ಕೆಲಸ ಹೋಗತ್ತೆ, ನಿಮ್ಮ ಮೇಲೆ ಕೇಸಾಗತ್ತೆ."

ಸರ್ಕಾರದ ಕೋಟು ನೋಡಿ ಚಪ್ಪರದ ಕೆಳಗಿದ್ದ ಹಿರಿಯರು ಗುಸುಗುಸು ಮಾತಾಡಿಕೊಂಡರು. "ಕೊಟ್ಟು ಹೋಗ್ಲಿ ಬಿಡಪ್ಪ ಮುದ್ದಪ್ಪ, ನಮಗ್ಯಾಕೆ." ಆ ಮಾತು ಬಾಯಿಂದ ಬೀಳುತ್ತಿದ್ದಂತೆಯೇ ಮಂಗಮ್ಮ ಓಡಿಹೋಗಿ ಹುಳದ ಮನೆಯ ಚಿಲಕ ತೆಗೆದಳು.

ಕದಿರಮ್ಮ ಹೊರಗೆ ಬಂದಳು. ಬಾತ ಮುಖ, ಬಟ್ಟೆ ಸುತ್ತಿದ ಎಡಗೈ. ಅವನನ್ನು ಕಂಡದ್ದೇ ಮೈಯೆಲ್ಲ ಉರಿಯಿತು.

"ಮಚ್ಚು ಕೊಡಕ್ಕೆ ಬಂದ್ರಾ? ಈಗ್ಲಾ? ಅವತ್ತು ಕಿತ್ಕೊಂಡು ಅಡಗಿ ಕೂತಿದ್ರಲ್ಲ, ಆಗ ಯಾವ ರೂಲಿತ್ತು ಸ್ವಾಮಿ?"

ಚಲಪತಿಯ ಕಣ್ಣು ತುಂಬಿತು. ರಿಜಿಸ್ಟರು ಬಿಡಿಸಿ ಹಿಡಿದು, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ. "ಮೇಲಿನದು ರಸೀದಿ. ಕೆಳಗಿನ ಹಾಳೆ ಪೊಲೀಸರಿಗೆ ದೂರು. ಹುಡುಗೀದೇ ಸಹಿ ಇಲ್ದೆ ಊರೊಳಗೆ ಬರಲ್ಲ ಅಂದ್ರು. ಕ್ರಾಸಿನಲ್ಲಿ ಅವ್ರ ಜೀಪು ನಿಂತಿದೆ. ಓದ್ಕೊಂಡು ಹಾಕಿ."

ಕದಿರಮ್ಮ ಓದಿದಳು. ಅಕ್ಷರಗಳು ಮಂಜಾದವು. ಬಲಗೈಯಲ್ಲಿ ಎರಡು ಕಡೆಯೂ ಸಹಿ ಹಾಕಿದಳು.

"ಅದೇನದು, ಎರಡು ಸಹಿ?" ಮುದ್ದಪ್ಪ ಧಾವಿಸಿ ಬಂದ. ಚಲಪತಿ ದೂರಿನ ಹಾಳೆ ಕಿತ್ತು ಅವಳ ಸೆರಗಿಗೆ ತುರುಕಿ ಅಡ್ಡ ನಿಂತ. ಮುದ್ದಪ್ಪ ಬೀಸಿದ ಚಪ್ಪರದ ಬಿದಿರಿನ ಗಳು ಅವನ ಭುಜದ ಮೇಲೆ ಬಿದ್ದು ಮೂಳೆ ಲಟ್ಟೆಂದಿತು. ಎರಡನೆಯ ಏಟಿಗೆ ಟೋಪಿ ಹಾರಿತು.

ಕದಿರಮ್ಮ ಕಲ್ಲಾಗಿ ನಿಂತಳು.

ಅವನ ತಲೆಯನ್ನು ಅರ್ಧ ಬೋಳಿಸಿದ್ದರು. ಕಿವಿಯ ಮೇಲಿನಿಂದ ನೆತ್ತಿಯವರೆಗೆ ಹೊಲಿಗೆ. ಇನ್ನೂ ಹಸಿಯಾಗಿದ್ದ ಹೊಲಿಗೆ!

"ಇದು... ಯಾವಾಗ ಆಯ್ತು?"

"ಅವತ್ತು ಕಟ್ಟೆ ಹಾರಿ ಬಂದೆ ಕಣಮ್ಮ..." ಮಂಡಿಯೂರಿ ಬಿದ್ದಿದ್ದ ಅವನು ಏದುಸಿರು ಬಿಡುತ್ತ ಹೇಳಿದ. "ಸಲಾಕೆ ಏಟು... ನಿಮ್ಮ ಹಿಂದೇನೇ ಬಿದ್ದಿದ್ದೆ. ಪ್ರಜ್ಞೆ ಬರೋ ಹೊತ್ತಿಗೆ ನೀವಿರ್ಲಿಲ್ಲ."

ಅಯ್ಯೋ! ಎಂಟು ದಿನ ಇವನನ್ನೇ ಶಪಿಸಿದೆನಲ್ಲ!

ಮುದ್ದಪ್ಪ ಮೂರನೆಯ ಸಲ ಗಳು ಎತ್ತಿದ. ಅದು ಕೆಳಗೆ ಬರಲಿಲ್ಲ. ಪೊಟ್ಟಣದ ಸೀಲು ಒಡೆದಿತ್ತು. ಮಚ್ಚು ಕದಿರಮ್ಮನ ಬಲಗೈಯಲ್ಲಿತ್ತು. ಅದರ ಹರಿತವಾದ ಬಾಯಿಯನ್ನು ಹಿಂದಕ್ಕೆ ತಿರುಗಿಸಿ, ಹಿಂಬದಿಯಿಂದ ಅವನ ಮುಂಗೈಗೆ ಒಂದೇ ಏಟು ಹೊಡೆದಳು. ಸೊಪ್ಪಿನ ಕಡ್ಡಿಯಂತೆ ಕೈ ಮುರಿಯಿತು. ಮುದ್ದಪ್ಪ ಅರಚುತ್ತ ನೆಲಕ್ಕೆ ಬಿದ್ದ.

"ಬಾಯಿ ಕಡೆಯಿಂದ ಹೊಡೆಯೋದು ನನಗೆ ಗೊತ್ತಿಲ್ಲ ಅನ್ಕೋಬೇಡ ಮಾವ. ಅವ್ವನ ತಮ್ಮ ಅಂತ ಬಿಟ್ಟಿದೀನಿ."

ಬರಿಗಾಲಿನಲ್ಲಿ ಕ್ರಾಸಿನವರೆಗೆ ಓಡಿದಳು. ಬೀದಿಯ ಬಾಗಿಲುಗಳೆಲ್ಲ ಈಗ ತೆರೆದಿದ್ದವು, ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ. ಸೂರ್ಯ ಮುಳುಗುವ ಮುಂಚೆ ಪೊಲೀಸರು ಮುದ್ದಪ್ಪನನ್ನು ಎಳೆದೊಯ್ದರು.

ಹತ್ತು ದಿನವಾಯಿತು. ದೆಹಲಿಯ ಪ್ರದರ್ಶನ ಇನ್ನೂ ಮುಗಿದಿರಲಿಲ್ಲ. ವಿಮಾನ ತಪ್ಪಿದವರ ಟಿಕೆಟ್ಟಿಗೆ ಒಂದು ತಿಂಗಳ ಮಾನ್ಯತೆಯಿದೆ ಎಂಬುದೂ ಒಂದು ರೂಲು, ಅದನ್ನು ಹುಡುಕಿ ತೆಗೆದವನು ಯಾರೆಂದು ಹೇಳಬೇಕಾಗಿಲ್ಲ.

ಅದೇ ಕಟ್ಟೆ, ಅದೇ ತಕ್ಕಡಿ. ಎಡಗೈಗೆ ಪಟ್ಟಿ ಕಟ್ಟಿಕೊಂಡು ಕದಿರಮ್ಮ ಬಂದಳು. ಮಚ್ಚನ್ನು ಅವ್ವನ ಬಳಿ ಬಿಟ್ಟು ಬಂದಿದ್ದಳು. ಮುರಿದ ಭುಜಕ್ಕೆ ತೂಗುಪಟ್ಟಿ ಕಟ್ಟಿಕೊಂಡಿದ್ದ ಚಲಪತಿ ಅವಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಮುಟ್ಟಲಿಲ್ಲ.

"ಬೆರಳು?"

"ಎಂಟು ಚೆನ್ನಾಗಿವೆ. ನೂಲಿಗೆ ಸಾಕು."

ಅವನು ತಲೆಯಾಡಿಸಿ ಪಕ್ಕದ ಗುಮಾಸ್ತನನ್ನು ಕರೆದ. "ಮುನಿಶಾಮಿ, ಇವ್ರ ಸಾಮಾನು ನೀನು ತೂಗಪ್ಪ."

ಕದಿರಮ್ಮನ ಮುಖ ಬಾಡಿತು. 'ಇಷ್ಟೇನಾ? ಸಾಮಾನು ತಲುಪಿಸಿದ, ಸಹಿ ಹಾಕಿಸಿದ... ಕೆಲಸ ಮುಗೀತಾ?'

"ಯಾಕೆ, ನೀವು ತೂಗಬಾರ್ದಾ?"

"ಸಂಬಂಧದವರ ಸಾಮಾನು ಮುಟ್ಟೋ ಹಾಗಿಲ್ಲ."

"ನಾನ್ಯಾವಾಗ ನಿಮಗೆ ಸಂಬಂಧ ಆದೆ?"

"ಇನ್ನೂ ಆಗಿಲ್ಲ." ಅವನ ಕಿವಿ ಕೆಂಪಾಯಿತು. "ನೀವು ಒಪ್ಪಿದ್ರೆ ಆಗ್ತೀರ. ಆ ದಿನದಿಂದ ನಿಮ್ಮ ಕೂಗು ಕಿವಿಯಿಂದ ಹೋಗಿಲ್ಲ ಕದಿರಮ್ಮ... ಇಷ್ಟ ಇಲ್ಲ ಅಂದ್ರೆ ಹೇಳಿ, ನಾನೇ ತೂಗ್ತೀನಿ. ಬಲವಂತ ಇಲ್ಲ."

ಬಲವಂತ ಇಲ್ಲ... ಆ ಮಾತನ್ನು ಯಾವ ಗಂಡಸೂ ಅವಳಿಗೆ ಹೇಳಿರಲಿಲ್ಲ.

"ಬೇಗ ಹೇಳಮ್ಮ, ಸಾಲು ನಿಂತಿದೆ!" ಎಂದ ಮುನಿಶಾಮಿ.

ಕದಿರಮ್ಮ ಕಣ್ಣೊರೆಸಿಕೊಂಡಳು. ಬಲಗೈಯಲ್ಲಿ ಪೆಟ್ಟಿಗೆ ಎತ್ತಿದಳು. ಚಲಪತಿಯ ಮುಂದಿನಿಂದ ದಾಟಿಸಿ, ಮುನಿಶಾಮಿಯ ಮುಂದಿಟ್ಟಳು.

"ನೀವೇ ತೂಗಿ ಅಣ್ಣ."

ಮುನಿಶಾಮಿ ಮುಳ್ಳನ್ನು ನೋಡಿ ಗಂಟಲು ಸರಿಮಾಡಿಕೊಂಡ. "ಒಂದು ಕಿಲೋ ಜಾಸ್ತಿ ಇದೆ."

ಅವಳು ಪೆಟ್ಟಿಗೆ ತೆರೆದು ಎರಡು ಸೀರೆ ತೆಗೆದಳು. ಪಕ್ಕೆಯ ಜಾಗದಲ್ಲಿ ಉದ್ದಕ್ಕೆ ಹೊಲಿಗೆ ಹಾಕಿದ್ದ ಸೀರೆಗಳು. ಉಟ್ಟುಕೊಳ್ಳಲಿಲ್ಲ. ಚಲಪತಿಯ ಕೈಯಲ್ಲಿಟ್ಟಳು.

"ಇವು ನಿಮ್ಮ ಹತ್ರ ಇರ್ಲಿ. ಬಂದ್ಮೇಲೆ ನನ್ನ ಕೈಗೇ ಕೊಡ್ಬೇಕು."

"ನಿಮ್ಮ ಕೈಗೇ," ಎಂದ ಅವನು ಸೀರೆಗಳನ್ನು ಎದೆಗೊತ್ತಿಕೊಂಡು. "ಸಹಿ ಹಾಕಿಸ್ಕೊಂಡು."