ಏಳನೇ ನಂಬರ್ ಬಸ್ಸು

ಒಂದು ಬಸ್ಸು ನಿಂತುಹೋಗಿದ್ದಕ್ಕೆ ಮನುಷ್ಯನ ಮುಖ ಅಷ್ಟು ಬಿಳಿಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದೂ ಕಂಪ್ಯೂಟರಿನೊಳಗಿನ ಬಸ್ಸು.

"ಏಳು ಎಲ್ಲಿ?" ಎಂದ.

"ನಿಲ್ಲಿಸ್ಬಿಟ್ಟೆ," ಎಂದೆ ನಾನು, ಕಾಲ ಮೇಲೆ ಕಾಲು ಹಾಕಿಕೊಂಡು. "ಅದಿರ್ಲಿ, ಮೊದ್ಲು ಮೇಲ್ಗಡೆ ನೋಡಿ. ಹಸಿರು ಕಾಣಿಸ್ತಿದೆಯಾ? ನಿಮ್ಮ ಊರು ಹುಟ್ಟಿದಾಗಿನಿಂದ ಬಸ್ಸುಗಳು ಲಾಭ ಮಾಡಿದ್ದು ಇದೇ ಮೊದ್ಲು."

ಅವನು ಮೇಲೆ ನೋಡಲಿಲ್ಲ. ಹೆಗಲಿನ ಬ್ಯಾಗನ್ನೂ ಇಳಿಸದೆ ಪರದೆಯ ಕಡೆ ಬಗ್ಗಿ, ಕೆರೆಯ ದಡದ ಒಂದು ಮನೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಪೇಟೆಯವರೆಗೆ ದಾರಿಯನ್ನು ಬೆರಳಲ್ಲೇ ಹುಡುಕಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕನ್ನಡಕದ ಅಂಗಡಿ ಇಟ್ಟವನಿಗೇ ತನ್ನ ಕಣ್ಣಿನ ಮೇಲೆ ನಂಬಿಕೆ ಹೋದ ಹಾಗಿತ್ತು.

ಹೊಗಳಿಕೆಗೆ ಕಾದು ಕೂತಿದ್ದ ನಾನು ಬೆಪ್ಪಾದೆ.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಟ್ಟಡದಲ್ಲಿ. ಮುಂದೆ ಅವನ ಕನ್ನಡಕದ ಅಂಗಡಿ, ಹಿಂದೆ ಅವನ ಅಕ್ಕನ ಹಲ್ಲಿನ ಕ್ಲಿನಿಕ್ಕು. ಕ್ಲಿನಿಕ್ಕಿಗೆ ಬೇಕಾದ ಕಟ್ಟುಹಲ್ಲು ಮಾಡುವವಳು ನಾನು. ಬೆನ್ನ ಹಿಂದೆ ಅವನು ನನ್ನನ್ನು ಹಲ್ಲಿನವಳು ಎನ್ನುತ್ತಾನೆ, ನಾನು ಅವನನ್ನು ಕನ್ನಡಕದವನು ಎನ್ನುತ್ತೇನೆ. ಎದುರಿಗೆ ಮಾತ್ರ ಇಬ್ಬರೂ ಬಹಳ ಮರ್ಯಾದಸ್ಥರು. ಅಂಗಡಿ, ಕ್ಲಿನಿಕ್ಕು ಎರಡರ ನಡುವೆ ಒಂದು ಸಣ್ಣ ಕೋಣೆ ಇದೆ, ಅದರಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಹಳೇ ಕಂಪ್ಯೂಟರು. ಊಟದ ಬಿಡುವಿನಲ್ಲಿ ಅವನು ಅದರಲ್ಲಿ ಊರು ಕಟ್ಟುವ ಆಟ ಆಡುತ್ತಾನೆ. ರಸ್ತೆ, ಮನೆ, ನೀರು, ಬಸ್ಸು ಎಲ್ಲ ಅವನದೇ. ನಾನು ಪಕ್ಕದಲ್ಲಿ ಕೂತು ನನ್ನ ಡಬ್ಬಿ ಖಾಲಿ ಮಾಡುತ್ತಾ ಅವನ ಊರಿನಲ್ಲಿ ತಪ್ಪು ಹುಡುಕುತ್ತೇನೆ.

ಹುಡುಕುವ ಕಷ್ಟವೇನೂ ಇರಲಿಲ್ಲ. ಅವನ ಬಸ್ಸುಗಳು ಗಾಳಿ ಹೊತ್ತುಕೊಂಡು ಓಡಾಡುತ್ತಿದ್ದವು. ಅದರಲ್ಲೂ ಆ ಏಳನೆಯದು ಕೆರೆಯ ದಡದ ನಾಲ್ಕಾರು ಮನೆಗಳಿಂದ ಪೇಟೆಗೆ ಹೋಗುತ್ತಿತ್ತು. ಬೆಳಿಗ್ಗೆ ಬೆರಳೆಣಿಕೆಯ ಜನ ಹತ್ತುತ್ತಿದ್ದರು, ಅವರನ್ನು ಇಳಿಸಿ ವಾಪಸ್ಸು ಬರುವಾಗ ಡ್ರೈವರ್ ಒಬ್ಬನೇ.

"ಈ ಬಿಳಿಯಾನೇನ ಯಾಕೆ ಸಾಕ್ತಿದೀರಿ?" ಎಂದು ಕೇಳಿದರೆ, "ಇರ್ಲಿ ಬಿಡಿ, ಪಾಪ," ಎನ್ನುತ್ತಿದ್ದ. ಹಾಗೆನ್ನುವಾಗ ಓರೆಗಣ್ಣಲ್ಲಿ ನನ್ನನ್ನು ನೋಡುವುದು, ಸಿಕ್ಕಿಬೀಳುವುದು, ತಕ್ಷಣ ನನ್ನ ಡಬ್ಬಿಯಲ್ಲಿ ಏನೋ ವಿಶೇಷ ಕಂಡವನಂತೆ ಅದನ್ನೇ ದಿಟ್ಟಿಸುವುದು. ಡಬ್ಬಿ ಎಷ್ಟೋ ಸಲ ಖಾಲಿ ಇರುತ್ತಿತ್ತು.

ಹೋದ ವಾರ ಪಕ್ಕದ ಊರಿನ ದೊಡ್ಡ ಲ್ಯಾಬಿನಿಂದ ನನಗೆ ಕರೆ ಬಂತು. ಹಲ್ಲನ್ನು ಯಂತ್ರದಲ್ಲಿ ಕೆತ್ತುವ ಲ್ಯಾಬು ಅದು. ಓದುವ ಕಾಲದಿಂದಲೂ ಅಲ್ಲಿ ಸೇರಬೇಕೆಂದು ನನಗೆ ಆಸೆ. ಮೊದಲು ಹೇಳಿದ್ದು ಅವನಿಗೇ.

"ಒಳ್ಳೇದಾಯ್ತಲ್ಲ, ಹೋಗಿ," ಎಂದ, ಪರದೆಯ ಮೇಲೆ ಒಂದಾದ ಮೇಲೊಂದು ಮರ ನೆಡುತ್ತಾ. ಮೌಸಿನಿಂದ ಕೈ ಕೂಡ ತೆಗೆಯಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಬೇಡಿ ಎನ್ನಬೇಕಿತ್ತು ಎಂದಲ್ಲ. ಒಂದು ಮರವನ್ನಾದರೂ ತಪ್ಪಾಗಿ ನೆಡಬಹುದಿತ್ತು.

"ಹೋಗೋ ಮುಂಚೆ ನಿಮ್ಮ ಬಸ್ಸುಗಳನ್ನ ಲಾಭಕ್ಕೆ ತಂದುಕೊಟ್ಟೇ ಹೋಗ್ತೀನಿ," ಎಂದು ಸವಾಲು ಹಾಕಿದೆ. "ತಗೊಳ್ಳಿ, ಇನ್ಮೇಲೆ ಸಾರಿಗೆ ಮಂತ್ರಿ ನೀವೇ," ಎಂದು ಮೌಸನ್ನು ನನ್ನ ಕಡೆ ಸರಿಸಿ, ಲೆನ್ಸ್ ಕಂಪನಿಯ ತರಬೇತಿಗೆ ಊರಾಚೆ ಹೊರಟುಹೋದ.

ಮಂತ್ರಿಗಿರಿ ತಲೆಗೇರಿತು. ಟಿಕೆಟ್ ದರ ಏರಿಸಿದೆ. ಜನ ಕಾರು ಹತ್ತಿದರು, ನಷ್ಟ ಹೆಚ್ಚಾಯಿತು. ಇಳಿಸಿದೆ, ಬಸ್ಸು ತುಂಬಿತು, ಆದರೂ ಕೆಂಪು. ಒಂದರ ಬಾಲ ಒಂದು ಹಿಡಿದು ಸುತ್ತುತ್ತಿದ್ದ ಮಾರ್ಗಗಳನ್ನು ಸೇರಿಸಿ ರೈಲು ಸ್ಟೇಷನ್ನಿಗೆ ಜೋಡಿಸಿದೆ. ಕೆಂಪು ತೆಳುವಾಯಿತೇ ಹೊರತು ಹೋಗಲಿಲ್ಲ. ಇನ್ನೆಲ್ಲಿ ಸೋರುತ್ತಿದೆ ಎಂದು ನೋಡಿದರೆ, ಏಳು. ಅಳಿಸಿ ಹಾಕಿದೆ. ಹಸಿರು ಬಂತು, ನಾನು ಕೂತ ಕುರ್ಚಿಯಲ್ಲೇ ಕುಣಿದೆ.

ಈಗ ತರಬೇತಿ ಮುಗಿಸಿ ಬಂದ ಇವನು ನನ್ನೆದುರು ಗರ ಬಡಿದವನ ಹಾಗೆ ನಿಂತಿದ್ದ.

"ಏನಾದ್ರೂ ಹೇಳಿ," ಎಂದೆ.

"ಚೆನ್ನಾಗ್ ಮಾಡಿದೀರಿ." ಹೆಗಲಿನ ಬ್ಯಾಗು ಸರಿಮಾಡಿಕೊಂಡ. "ನಿಜವಾಗ್ಲೂ."

ಅಂಗಡಿಯ ಬಾಗಿಲಿನ ಗಂಟೆ ಸದ್ದು ಮಾಡಿತು. ಗಿರಾಕಿ ಬಂದಿದ್ದರು. ಬದುಕಿದೆ ಎಂಬಂತೆ ಅವನು ಹೊರಟುಹೋದ.

ನನಗೆ ತಡೆಯಲಾಗಲಿಲ್ಲ. ಅವನು ಬೆರಳಿಟ್ಟ ಕೆರೆದಡದ ಮನೆಯನ್ನು ಮೌಸಿನಿಂದ ಒತ್ತಿದೆ. ಖಾಲಿ ಮನೆ. ಪಕ್ಕದಲ್ಲಿ ಒಂದು ಚೀಟಿ ತೆರೆದುಕೊಂಡಿತು: ಇಲ್ಲಿದ್ದವರು ಹಲ್ಲಿನವಳು. ಕೆಲಸಕ್ಕೆ ಹೋಗಲು ದಾರಿ ಇಲ್ಲದೆ ಊರು ಬಿಟ್ಟಿದ್ದಾರೆ.

ಆ ಆಟದಲ್ಲಿ ಊರಿನ ಜನರಿಗೆ ನಾವೇ ಹೆಸರಿಡಬಹುದು ಎಂಬುದೇ ನನಗೆ ತಿಳಿದಿರಲಿಲ್ಲ. ಆ ಮನೆಯ ಮುಂದಿನ ಬಸ್ ನಿಲ್ದಾಣವನ್ನು ನಾನು ಕೀಳದೆ ಬಿಟ್ಟಿದ್ದೆ. ಬಸ್ಸೇ ಬಾರದ ಆ ನಿಲ್ದಾಣದಲ್ಲಿ ಒಬ್ಬ ಪುಟಾಣಿ ಮನುಷ್ಯ ಒಂಟಿಯಾಗಿ ನಿಂತಿದ್ದ. ಅವನನ್ನು ಒತ್ತಿದೆ. ಕನ್ನಡಕದವನು. ಕಾಯುತ್ತಿದ್ದಾರೆ.

ಮತ್ತೆ ಆ ಮನೆಯನ್ನೇ ಒತ್ತಿ ಚೀಟಿಯನ್ನು ಇನ್ನೊಮ್ಮೆ ಓದಿದೆ.

"ಲ್ಯಾಬಿಗೆ ಏನ್ ಹೇಳ್ದೆ? ಸಂಜೆ ಒಳಗೆ ಹೇಳ್ಬೇಕು ಅಂತಿದ್ದೆ," ಎನ್ನುತ್ತಾ ಅವನ ಅಕ್ಕ, ನಮ್ಮ ಡಾಕ್ಟರಮ್ಮ, ಮುಖದ ಮಾಸ್ಕು ಇಳಿಸುತ್ತಾ ಒಳಗೆ ಬಂದರು. ಪರದೆ ನೋಡಿದರು. ನನ್ನನ್ನು ನೋಡಿದರು. "ಹಲ್ಲಿನವಳು ಅಂದ್ರೆ ನೀನಲ್ವಾ? ನಿನ್ನನ್ನ ಊರು ಬಿಡಿಸಿದ್ಯಾರು?"

"ನಾನೇ," ಎಂದೆ.

ಅವರು ಇನ್ನೊಂದು ಕುರ್ಚಿಯಲ್ಲಿ ಕುಸಿದರು. "ಮೂರು ವರ್ಷದಿಂದ ಊಟ ಬಿಟ್ಟು ಇವನು ಮಾಡ್ತಿದ್ದಿದ್ದು ಇದಾ? ನಾನು ಇವನಿಗೆ ಬಸ್ಸಿನ ಹುಚ್ಚು ಅಂದ್ಕೊಂಡಿದ್ನಲ್ಲೇ." ಹಲ್ಲು ಕೀಳಿಸಿಕೊಳ್ಳಲು ಬಂದವರು ಒಳಗೆ ಬಾಯಿ ತೆರೆದು ಕೂತಿದ್ದಾರೆಂದು ಆಮೇಲೆ ನೆನಪಾಗಿ ಎದ್ದು ಓಡಿದರು.

ಅವನು ತರಬೇತಿಗೆ ಹೋಗುವ ಮುಂಚೆ ಉಳಿಸಿಟ್ಟಿದ್ದ ಹಳೆಯ ಆಟವನ್ನು ನಾನು ತೆರೆದೆ. ನನ್ನ ಹಸಿರು ಹೋಯಿತು, ಹೋಗಲಿ. ಕೆರೆಯ ದಡದಲ್ಲಿ ಬೆಳಗಾಗಿತ್ತು. ಅಕ್ಕಪಕ್ಕದ ಎರಡು ಮನೆಗಳಿಂದ ಇಬ್ಬರು ಹೊರಬಂದು ನಿಲ್ದಾಣದಲ್ಲಿ ನಿಂತರು. ಏಳನೇ ಬಸ್ಸು ಬಂತು, ಇಬ್ಬರೂ ಹತ್ತಿದರು. ಪೇಟೆಯಲ್ಲಿ ಇಳಿದು ಅವನೊಂದು ಅಂಗಡಿಗೆ ಹೋದ, ಅವಳು ಎದುರಿನ ಆಸ್ಪತ್ರೆಗೆ. ಸಂಜೆ ಮತ್ತೆ ಅದೇ ಬಸ್ಸು. ಮಾತಿಲ್ಲ, ಕಥೆಯಿಲ್ಲ, ಆ ಆಟದ ಜನಕ್ಕೆ ಮಾತು ಬರುವುದಿಲ್ಲ. ಇಂಥದ್ದನ್ನು ನೋಡಿಕೊಂಡು ಒಬ್ಬ ಮನುಷ್ಯ ಮೂರು ವರ್ಷ ನಷ್ಟ ಅನುಭವಿಸಿದ್ದ. ನಾನು ಪಕ್ಕದ ಕುರ್ಚಿಯಲ್ಲೇ ಕೂತು ಬಿಳಿಯಾನೆ ಎಂದಿದ್ದೆ. ನನಗೆ ಅಳುವೂ ಬಂತು, ಅವನ ಬೆನ್ನಿಗೆ ಒಂದು ಗುದ್ದು ಕೊಡಬೇಕೆಂದೂ ಅನಿಸಿತು.

ಕಣ್ಣೊರೆಸಿಕೊಂಡು ಬಸ್ಸನ್ನೇ ಮತ್ತೆ ನೋಡಿದೆ. ಆಗ ಹೊಳೆಯಿತು. ಪೇಟೆಯಿಂದ ಕೆರೆಯ ಕಡೆಗೆ ಬರಲು ಬೆಳಿಗ್ಗೆ ಯಾರಿಗೂ ಕೆಲಸವಿಲ್ಲ, ಅದಕ್ಕೇ ಅದು ಖಾಲಿ ವಾಪಸ್ಸಾಗುತ್ತಿದೆ. ಕೆರೆಯ ಪಕ್ಕ ಒಂದು ಕಾಲೇಜು ಕಟ್ಟಿದೆ. ಸ್ವಲ್ಪ ಹೊತ್ತಿಗೆ ಹುಡುಗ ಹುಡುಗಿಯರು ಏಳನೇ ಬಸ್ಸಿಗೆ ಮುತ್ತಿಕೊಂಡು ಬಂದರು. ಬಸ್ಸು ಹೋಗುವಾಗಲೂ ತುಂಬಿತ್ತು, ಬರುವಾಗಲೂ ತುಂಬಿತ್ತು.

ಅವನು ಬಂದು ಬಾಗಿಲಲ್ಲೇ ನಿಂತ. ಪರದೆಯ ಮೇಲೆ ಏಳು ಓಡುತ್ತಿತ್ತು.

"ನೋಡ್ಬಿಟ್ರಾ?" ಎಂದ. ಕಿವಿ ಕೆಂಪಾಗಿತ್ತು.

"ನೋಡ್ದೆ. ಮೊನ್ನೆ ಹೋಗಿ ಅಂದ್ರಲ್ಲ, ತಿರುಗಿ ಕೂಡ ನೋಡದೆ. ಯಾಕೆ?"

"ಆ ಲ್ಯಾಬಿನ ಸುದ್ದಿ ಹೇಳೋವಾಗ ನಿಮ್ಮ ಮುಖ ಹೇಗಿತ್ತು ಗೊತ್ತಾ? ಅಷ್ಟು ಖುಷಿಯಾಗಿದ್ದವರಿಗೆ ಹೋಗ್ಬೇಡಿ ಅಂತ ಹೇಗ್ ಹೇಳೋದು?" ಮೌಸು ತೆಗೆದುಕೊಂಡು ಊರಿನ ಇನ್ನೊಂದು ಮೂಲೆಗೆ ಹೋದ. "ಅವತ್ತು ನಾನು ನೆಟ್ಟ ಮರ ಇಲ್ಲಿವೆ."

ಫುಟ್‌ಬಾಲ್ ಮೈದಾನದ ತುಂಬ ಮರ. ಗೋಲು ಕಂಬದೊಳಗೆ ಕೂಡ ಒಂದು ನಿಂತಿತ್ತು.

ನಾನು ನಕ್ಕೆ, ನಗು ಅರ್ಧಕ್ಕೇ ಒಡೆದುಹೋಯಿತು.

"ನನಗೆ ನೀವು ತುಂಬ ಇಷ್ಟ," ಎಂದ, ಮೈದಾನವನ್ನೇ ನೋಡುತ್ತಾ. "ಮೂರು ವರ್ಷದಿಂದ. ಹೇಳೋಕೆ ಧೈರ್ಯ ಇರ್ಲಿಲ್ಲ, ಅದಕ್ಕೆ ಬಸ್ಸು ಓಡಿಸ್ದೆ. ನೀವು ಲ್ಯಾಬಿಗೆ ಹೋಗಿ. ಖಾಲಿ ಓಡಿದ್ರೂ ಏಳನ್ನ ನಾನು ನಿಲ್ಲಿಸಲ್ಲ."

ನಾನು ಫೋನು ತೆಗೆದು, ಅವನೆದುರಿಗೇ ಲ್ಯಾಬಿನವರಿಗೆ ಬರುತ್ತೇನೆ ಎಂದು ಹೇಳಿಬಿಟ್ಟೆ. ಹೋಗಿ ಎಂದವನ ಮುಖ ಮತ್ತೆ ಬಿಳಿಚಿಕೊಂಡಿತು.

"ಮಂತ್ರಿ ಮಾತು ಕೇಳು," ಎಂದೆ. "ನಿನ್ನ ಏಳು ಯಾಕೆ ಸೋಲ್ತಿತ್ತು ಗೊತ್ತಾ? ಒಂದು ತುದೀಲಿ ಮಾತ್ರ ಹೋಗೋಕೆ ಕಾರಣ ಇತ್ತು. ಎರಡೂ ಕಡೆ ಕಾರಣ ಇದ್ರೆ ಬಸ್ಸು ಯಾವತ್ತೂ ಖಾಲಿ ಬರಲ್ಲ. ನಾನು ಅಲ್ಲಿರ್ತೀನಿ, ನೀನು ಇಲ್ಲಿರ್ತೀಯ. ಒಂದು ವಾರ ನಾನು ಬರ್ತೀನಿ, ಒಂದು ವಾರ ನೀನು ಬಾ. ನಂಗೂ ನೀನು ಇಷ್ಟ, ದಡ್ಡ."

ಅವನಿಗೆ ಆ 'ನೀನು' ಕೇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕೇಳಿಸಿದ ಮೇಲೆ, ಕುರ್ಚಿ ಎಲ್ಲಿದೆ ಎಂದು ನೋಡದೆ ಕೂರಲು ಹೋಗಿ ನೆಲದ ಮೇಲೆ ಕೂತ.

ನಾನು ಕೆಲಸಕ್ಕೆ ಸೇರುವ ದಿನ ಅವನು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಸ್ಸು ಹತ್ತಿದ. ನಿಜವಾದ ಬಸ್ಸು. ಕಾಲಿಡಲು ಜಾಗವಿಲ್ಲದಷ್ಟು ಜನ. ಸೀಟು ಸಿಗದೆ ಒಂದೇ ಕಂಬಿಗೆ ಇಬ್ಬರೂ ಜೋತುಬಿದ್ದೆವು.

"ಈ ಮಾರ್ಗ ಲಾಭದಲ್ಲಿದೆ," ಎಂದ ನನ್ನ ಕಿವಿಯ ಹತ್ತಿರ.

ತಿರುವಿನಲ್ಲಿ ಬಸ್ಸು ವಾಲಿತು. ನಾನು ಕಂಬಿ ಬಿಟ್ಟು ಅವನ ತೋಳು ಹಿಡಿದುಕೊಂಡೆ. ರಸ್ತೆ ನೇರವಾದ ಮೇಲೂ ಬಿಡಲಿಲ್ಲ.